ಪಾವಲಿಯ ಬಾಗಿಲಲ್ಲಿ ಎರಡು ಕುಡುಗೋಲು

ಗುಂಡೂ, ಚಿನ್ನೀ,

ಹೋದ ರಜೆಯಲ್ಲಿ ನೀವು ಮೊಮ್ಮಕ್ಕಳು ಭಾಲ್ಕಿಗೆ ಬಂದಾಗ ನಡುವೆ ಒಂದು ಅಮಾವಾಸ್ಯೆ ಬಂತು. ಎದುರು ಮನೆಯ ಸೊಸೆ ತನ್ನ ಮಗಳ ಕೊರಳಿನ ಕರಿದಾರ ಬಿಚ್ಚಿ ತಂದು ನನ್ನ ಕೈಯಲ್ಲಿ ಇಟ್ಟಳು. ದಾರದಲ್ಲಿ ಹಳೆಯ ಬೆಳ್ಳಿ ನಾಣ್ಯವೊಂದು ಇತ್ತು. ನಾನು ಅದನ್ನು ಬರಿ ನೀರಲ್ಲಿ ಅದ್ದಿ, ಹಳೆಯ ಧೋತರದ ಚೂರಿನಿಂದ ಒತ್ತಿ ಒರೆಸಿ, ತಿರುಗಿ ಕೊಟ್ಟೆ. ಚಿನ್ನಿ, ನೀನು ನೋಡುತ್ತ ಕುಳಿತಿದ್ದಿ. "ಆಯಿ, ಅವರ ಮನಿ ರೊಕ್ಕ ನೀ ಯಾಕ ತೊಳೀತಿ?" ಎಂದು ಕೇಳಿದಿ. "ಸುಮ್ಮನ" ಎಂದೆ ನಾನು.

ಅದು ಸುಮ್ಮನೆ ಅಲ್ಲ. ಆ ನಾಣ್ಯ ಅವರದೂ ಅಲ್ಲ, ನಮ್ಮದೂ ಅಲ್ಲ. ಅದು ಬೀದರಿನ ಒಬ್ಬರದು. ನಮ್ಮ ಮನೆಯಲ್ಲಿ ನಂಬಿಕೆಯಿಂದ ಇಟ್ಟು ಹೋದದ್ದು. ನನಗೆ ಎದುರಿಗೆ ಕುಳಿತು ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ತವರೂರು ಡಾಬಕಾದ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿ ಇನ್ನೂ ಇವೆ. ಅವುಗಳಲ್ಲೇ ಬರೆಯುತ್ತೇನೆ.

ನಿಮ್ಮ ಮುತ್ಯಾ ಬಸ್ಸಿನ ಕಂಡಕ್ಟರ್ ಆಗಿದ್ದರು. ನಮ್ಮ ಮದುವೆಯಾದ ಹೊಸದರಲ್ಲಿ ಬೀದರಿನಿಂದ ಹೊರಟ ಅವರ ಬಸ್ಸು ಔರಾದದಲ್ಲಿ ರಾತ್ರಿ ವಸ್ತಿ ಇರುತ್ತಿತ್ತು. ಹಾಗಾಗಿ ಅಲ್ಲಿಯೇ ಒಂದು ಕೋಣೆ ಹಿಡಿದಿದ್ದೆವು. ಅವರು ದಿನದ ಲೆಕ್ಕ ಕಟ್ಟುವ ಮೊದಲು ಚೀಲದ ಚಿಲ್ಲರೆಯಲ್ಲಿ ತಮಗೆ ಬೇಕಾದ ಕೆಲವು ನಾಣ್ಯ ಆರಿಸಿ, ಅಷ್ಟೇ ರೊಕ್ಕ ತಮ್ಮ ಕಿಸೆಯಿಂದ ಹಾಕುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಹೊಸ ಮದುವೆ, ಕೇಳಲು ನಾಚಿಕೆ. ಒಂದು ಸಂಜೆ ನಾನು ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದೆ. ಅವರು ಬಂದು ಜೋಳದ ಮೇಲೆಯೇ ಒಂದು ಹತ್ತು ಪೈಸೆ ಇಟ್ಟರು.

"ಹರಳು ಹುಡುಕೋ ಕಣ್ಣು ನಿನ್ನವು. ಇಸ್ವಿ ಕೆಳಗ ಏನದ ನೋಡಿ ಹೇಳು."

"ಚಿಕ್ಕಿ ಅದರಿ, ಆಕಾಶದಾಗಿನ ಚಿಕ್ಕಿ."

"ಹಂಗಾರ ಇದು ಹೈದ್ರಾಬಾದ್ ಟಕ್ಸಾಲಿನದು. ಇದರಾಗ?"

ಟಕ್ಸಾಲ್ ಎಂದರೆ ನಾಣ್ಯ ಒತ್ತುವ ಟಂಕಸಾಲೆ ಎಂಬುದೂ ನನಗೆ ಆಗ ತಿಳಿಯದು. ಎರಡನೆಯದನ್ನು ಬೆಳಕಿಗೆ ಹಿಡಿದೆ. "ಶಂಕರಪಾಳಿ ಇದ್ದಂಗ ಅದ."

ಅವರು ನಕ್ಕ ನಗೆಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. "ಮುಂಬೈದ್ದು ಅದು! ಸರಕಾರ ಮುಂಬೈದಾಗ ಶಂಕರಪಾಳಿ ಕರೀಲತ್ತದಂತ ಇವತ್ತ ಗೊತ್ತಾಯ್ತು ನೋಡು."

ಅಂದಿನಿಂದ ಅದು ನಮ್ಮಿಬ್ಬರ ಕೆಲಸವಾಯಿತು. ಚಿಕ್ಕಿ ಇದ್ದರೆ ಹೈದರಾಬಾದು, ಶಂಕರಪಾಳಿ ಇದ್ದರೆ ಮುಂಬೈ, ಎಳ್ಳಿನಷ್ಟು ಚುಕ್ಕೆ ಇದ್ದರೆ ದಿಲ್ಲಿ ಹತ್ತಿರದ ನೋಯ್ಡಾ. ಏನೂ ಇಲ್ಲದಿದ್ದರೆ ಕಲ್ಕತ್ತಾ. ಅಂಥದ್ದಕ್ಕೆ ನಾನು "ಬೋಳಹಣಿ" ಎನ್ನುತ್ತಿದ್ದೆ. ಈಗ ಆ ಶಬ್ದ ನನ್ನ ಬಾಯಿಗೆ ಬರುವುದಿಲ್ಲ. ಜಂಪರಿನ ಉಳಿದ ಚೂರುಗಳಿಂದ ನಾನು ಸಣ್ಣ ಚೀಲಗಳನ್ನು ಹೊಲಿದೆ, ಒಂದೊಂದು ಊರಿಗೆ ಒಂದೊಂದು ಬಣ್ಣ. ಅವೆಲ್ಲ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ಇರುತ್ತಿದ್ದವು. ಆ ರೊಕ್ಕಕ್ಕೆ ಬೆಲೆ ಇತ್ತೆಂದು ತಿಳಿಯಬೇಡಿ. ಹೆಚ್ಚಿನವು ಯಾರ ಕೈಯಲ್ಲೂ ಸಿಗುವಂಥವು. ಆದರೆ ಅವರು ಒಂದೊಂದನ್ನು ತೆಗೆದು, ಯಾವ ಊರಿನ ಯಾವ ಮುದುಕಿ ಟಿಕೀಟಿಗೆ ಕೊಟ್ಟದ್ದು ಎಂದು ಹೇಳುತ್ತಿದ್ದರು. ಖಟಕ ಚಿಂಚೋಳಿಯ ಒಬ್ಬಾಕೆ ಗಂಟಿನಿಂದ ತೆಗೆದ ನಾಣ್ಯಕ್ಕೆ ಅಡಿಕೆಯ ವಾಸನೆ ಇತ್ತೆಂದು ಎಷ್ಟೋ ವರ್ಷ ಹೇಳಿದರು.

ಆಮೇಲೆ ನಾವು ಭಾಲ್ಕಿಗೆ ಬಂದೆವು. ಬೀದರಿನಲ್ಲಿ ಬಸ್ಸು ನಿಂತ ಹೊತ್ತಿಗೆ ನಿಮ್ಮ ಮುತ್ಯಾ ಹಳೇ ಊರಿನ ಗಲ್ಲಿಯ ಒಂದು ಗಡಿಯಾರ ರಿಪೇರಿ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿಯ ಸಾಹೇಬರಿಗೂ ಇದೇ ಹುಚ್ಚು. ಅವರ ಹತ್ತಿರ ನಿಜಾಮರ ಕಾಲದ, ಹಾಲಿ ಸಿಕ್ಕಾ ಎಂದು ಕರೆಯುವ ನಾಣ್ಯಗಳಿದ್ದವು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಇಬ್ಬರೂ ಒಂದೇ ನಾಣ್ಯವನ್ನು ಸರದಿಯ ಮೇಲೆ ನೋಡುತ್ತ, ಚಹಾ ಆರುವವರೆಗೆ ಜಗಳಾಡುತ್ತಿದ್ದರಂತೆ.

ಸಾಹೇಬರ ಹತ್ತಿರ ಒಂದು ಪಾವಲಿ ಇತ್ತು. ಪಾವಲಿ ಎಂದರೆ ನಾಲ್ಕಾಣೆಯ ನಾಣ್ಯ, ಬೆಳ್ಳಿಯದು. ಅದರ ಮೇಲೆ ಚಾರ್‌ಮಿನಾರ್, ಅದರ ನಡುವಿನ ಬಾಗಿಲಲ್ಲಿ ಉರ್ದುವಿನ ಒಂದೇ ಒಂದು ಅಕ್ಷರ. ಆಗಿನ ನಿಜಾಮರ ಹೆಸರಿನ ಮೊದಲ ಅಕ್ಷರವಂತೆ, ಕುಡುಗೋಲಿನ ಹಾಗೆ ಬಾಗಿದ್ದು. ಅದನ್ನು 'ಐನ್' ಎನ್ನುತ್ತಾರೆ. ಕೆಲವು ನಾಣ್ಯಗಳಲ್ಲಿ ಅದು ಪೂರ್ತಿ ಇರುತ್ತದೆ, ಕೆಲವುಗಳಲ್ಲಿ ಅರ್ಧ. ಸಾಹೇಬರ ಪಾವಲಿಯಲ್ಲಿ ಮಾತ್ರ ಕುಡುಗೋಲು ಎರಡಿದ್ದವು, ಒಂದರ ಬೆನ್ನಿಗೆ ಒಂದು ಅಂಟಿಕೊಂಡು. ಅವರ ತಾಯಿಗೆ ನಿಕಾಹದಲ್ಲಿ ಮೆಹರ್ ಎಂದು ಬಂದ ರೊಕ್ಕದಲ್ಲಿ ಉಳಿದದ್ದು ಅದೊಂದೇ.

ಜಗಳ ಇದ್ದದ್ದು ಆ ಎರಡನೆಯ ಕುಡುಗೋಲಿನ ಬಗ್ಗೆ. ನಿಮಗೆ ಹೀಗೆ ಹೇಳಿದರೆ ತಿಳಿದೀತು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡಲು ನಮ್ಮಲ್ಲಿ ಕಟ್ಟಿಗೆಯ ಅಚ್ಚು ಇರುತ್ತದೆಯಲ್ಲ, ಅದರಲ್ಲಿ ಬಡಿಗ ನವಿಲಿನ ಕೊಕ್ಕನ್ನು ಎರಡು ಸಲ ಕೆತ್ತಿದ್ದರೆ, ಆ ಅಚ್ಚಿನ ಪ್ರತಿ ನವಿಲಿಗೂ ಎರಡು ಕೊಕ್ಕು ಬರುತ್ತವೆ. ಎರಡೂ ದುಂಡಗೆ, ಎರಡೂ ಪೂರ್ತಿ, ತುದಿಯಲ್ಲಿ ಸೀಳಿದ ಬೇಳೆಯ ಹಾಗೆ ಒಂದು ಸಂದು. ಅದು ಖರೇ ಜೋಡಿ. ಅಚ್ಚು ಸರಿಯಾಗಿದ್ದು ಸಕ್ಕರೆ ಆರುವ ಮೊದಲೇ ಕೈ ಅಲುಗಿದರೆ, ಕೊಕ್ಕಿನ ಪಕ್ಕ ಚಪ್ಪಟೆಯಾಗಿ ಮೆಟ್ಟಿಲಿನ ಹಾಗೆ ಒಂದು ಅಂಚು ಮೂಡುತ್ತದೆ. ಅದು ಬರಿಯ ಅಲುಗಾಟ. ನಾಣ್ಯದಲ್ಲೂ ಹೀಗೆಯೇ. ಸಾಹೇಬರು "ಜೋಡಿ" ಎನ್ನುತ್ತಿದ್ದರು. ನಿಮ್ಮ ಮುತ್ಯಾ "ಅಲುಗಾಟ" ಎನ್ನುತ್ತಿದ್ದರು.

ಒಮ್ಮೆ ಸಾಹೇಬರು ಭಾಲ್ಕಿಗೆ ಒಂದು ಮದುವೆಗೆ ಬಂದವರು ನಮ್ಮ ಮನೆಗೂ ಬಂದರು. ನಾನು ಚುರುಮುರಿ ಸುಸಲಾ ಕೊಟ್ಟು, ಚಹಾ ಇಟ್ಟು, ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಕಂಡಕ್ಟರ್ ಸಾಬ್, ನಿಮ್ಮ ಕಣ್ಣಿಗೂ ನನ್ನ ಕಣ್ಣಿಗೂ ವಯಸ್ಸಾತು. ಇವತ್ತ ಭಾಭಿನೇ ಜಡ್ಜ್" ಎಂದರು ಸಾಹೇಬರು. ಕೆಂಪು ಚಿಂದಿಯಿಂದ ಪಾವಲಿ ಬಿಚ್ಚಿದರು.

"ಆಕಿ ಕಣ್ಣಿಗೆ ತಪ್ಪೂದಿಲ್ಲ. ನೋಡು, ನೋಡಿ ಅಲುಗಿದ್ದದ ಅಂತ ಹೇಳಿಬಿಡು" ಎಂದರು ಇವರು.

"ಇದೇನ್ರಿ ಇದು! ಜಡ್ಜ್‌ಗೆ ನೀವೇ ತೀರ್ಪು ಹೇಳಿಕೊಡ್ಲತ್ತೀರಿ?"

ನಾನು ನಾಣ್ಯವನ್ನು ಹಿತ್ತಲ ಬಾಗಿಲಿನ ಬೆಳಕಿಗೆ ಒಯ್ದೆ. ಗಾಜು ಕೂಡ ಬೇಕಾಗಲಿಲ್ಲ. ಎರಡೂ ಕುಡುಗೋಲು ದುಂಡಗಿದ್ದವು. ತುದಿಯಲ್ಲಿ ಬೇಳೆ ಸೀಳಿದ ಸಂದು ಇತ್ತು. ಖರೇ ಜೋಡಿ. ಸಾಹೇಬರದ್ದೇ ಸರಿ.

ಇಷ್ಟು ಹೇಳುವುದು ಏನು ದೊಡ್ಡ ಮಾತು ಎಂದು ನಿಮಗೆ ಅನ್ನಿಸಬಹುದು. ನಾನು ನಿಮ್ಮ ಮುತ್ಯಾನ ಮುಖ ನೋಡಿದೆ. ಅವರು ಗೆದ್ದವರ ಹಾಗೆ ಕಾಲು ಚಾಚಿ ಕುಳಿತಿದ್ದರು. ಪರ ಗಂಡಸಿನ ಎದುರು ಗಂಡನ ಮಾತು ಸುಳ್ಳು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಸುಳ್ಳು ಹೇಳಲೂ ಆಗಲಿಲ್ಲ. "ಬೆಳಕು ಸಾಲ್ದರಿ. ನಾಳಿ ನೋಡಿ ಹೇಳ್ತೇನಿ" ಎಂದೆ.

"ಭಾಭಿ, ನಿಮ್ಮ ನಾಳಿ ತಹಸೀಲ್ ಕಚೇರಿ ನಾಳಿ ಆಗಬಾರ್ದು ನೋಡ್ರಿ" ಎಂದು ಸಾಹೇಬರು ನಕ್ಕರು. "ಇರ್ಲಿ, ಅಮಾನತ್ ಅಂತ ನಿಮ್ಮ ಹತ್ರ ಇರ್ಲಿ. ನೀವು ಹೇಳಿದ ದಿನ ಬಂದು ಒಯ್ತೇನಿ."

ಅಮಾನತ್ ಎಂದರೆ ಬರಿಯ ಇಡುವುದಲ್ಲ. ಇಟ್ಟವನು ಕೇಳುವ ಮೊದಲೇ ಕೊಡಬೇಕಾದದ್ದು ಅದು. ನಾನು ಆ ಕೆಂಪು ಚಿಂದಿಯ ಗಂಟನ್ನು ನಮ್ಮ ಡಬ್ಬಿಯಲ್ಲಿ, ಚೀಲಗಳ ನಡುವೆ ಇಟ್ಟೆ. ಆಮೇಲೆ ಇವರು ಕೇಳಿದಾಗಲೆಲ್ಲ ನಾನು ರೊಟ್ಟಿ ಹೆಂಚಿನ ಮೇಲಿದೆ ಎಂದೆ, ಮೋಡ ಮುಸುಕಿದೆ ಎಂದೆ. ಅವರು ನಗುತ್ತ "ಜಡ್ಜ್ ರಜಾದಾಗ ಇದ್ದಾರ" ಎಂದು ಸಾಹೇಬರಿಗೆ ಹೇಳಿ ಕಳಿಸುತ್ತಿದ್ದರು. ಮುಂಗಾರು ಹೋಗಿ ತೊಗರಿ ಹೂ ಬಿಟ್ಟಿತು. ನಾನು ಹೇಳಲಿಲ್ಲ. ಹೇಳಿದ್ದರೆ ಅಂದೇ ಸಾಹೇಬರು ಬಂದು ಒಯ್ಯುತ್ತಿದ್ದರು.

ನಿಮ್ಮ ಮುತ್ಯಾ ಹೋದದ್ದು ಮುಂಜಾನೆ, ಚಹಾ ಕುಡಿದ ಬಟ್ಟಲು ಕೈಯಲ್ಲಿದ್ದಾಗಲೇ. ಅದನ್ನು ನಿಮ್ಮ ಅವ್ವ ಹೇಳಿರುತ್ತಾಳೆ. ಅವಳು ಹೇಳದ ಒಂದು ಮಾತು ಇದೆ. ಅವಳಿಗೂ ಗೊತ್ತಿಲ್ಲ.

ಮೊಮ್ಮಕ್ಕಳನ್ನು ಕಂಡು ಹೋದವರ ಮೇಲೆ ನಮ್ಮಲ್ಲಿ ಹುರಿದ ಜೋಳದ ಅಳ್ಳು, ಚಿಲ್ಲರೆ ಹಾರಿಸುತ್ತ ಒಯ್ಯುತ್ತಾರೆ. ಆ ರೊಕ್ಕ ಪುಣ್ಯದ್ದು ಎಂದು ಜನ ಆರಿಸಿಕೊಂಡು ತೊಟ್ಟಿಲಿಗೆ, ಅಂಗಡಿಯ ಗಲ್ಲೆಗೆ ಕಟ್ಟುತ್ತಾರೆ. ಸತ್ತ ಮನೆಯವರು ಮಾತ್ರ ಅದನ್ನು ಮತ್ತೆ ಮುಟ್ಟುವಂತಿಲ್ಲ. ನಿಮ್ಮ ಮುತ್ಯಾನ ತಮ್ಮ ಬಂದು ನನ್ನ ಹತ್ತಿರ ಬಗ್ಗಿ, "ವೈನಿ, ಹಾರಸ್ಲಾಕ ಚಿಲ್ಲರ ಬೇಕಿತ್ತು. ಎಲ್ಲ್ಯದರಿ?" ಎಂದು ಕೇಳಿದರು. ನಾನು ಗೋಡೆಯ ಗೂಡಿನ ಕಡೆ ಕೈ ತೋರಿಸಿದೆ. ಅಲ್ಲಿ ಹಾಲು, ಕಾಯಿಪಲ್ಯಕ್ಕೆಂದು ಇಟ್ಟ ಚಿಲ್ಲರೆ ಡಬ್ಬಿ ಇತ್ತು. ಅದರ ಹಿಂದೆ ಅಂಥದ್ದೇ ಇನ್ನೊಂದು ಡಬ್ಬಿ.

ಇಲ್ಲಿಯವರೆಗೆ ಆದದ್ದು ದುಃಖದಲ್ಲಿ ಆದದ್ದು ಎನ್ನಬಹುದು. ಆದರೆ ಅಂಗಳದಿಂದ ಮೈದುನರ ದನಿ ಕೇಳಿತು: "ಅಣ್ಣ ನೋಡ್ರಪಾ, ತನ್ನ ಚಿಲ್ಲರ ತಾನೇ ಬಣ್ಣಬಣ್ಣದ ಚೀಲದಾಗ ಕಟ್ಟಿಟ್ಟು ಹೋಗ್ಯಾನ!"

"ಕಂಡಕ್ಟರ್ ಅಲ್ಲೇನು, ಲೆಕ್ಕ ಪಕ್ಕಾ" ಎಂದರು ಯಾರೋ.

ನನಗೆ ಕೇಳಿತು. ತಿಳಿಯಿತು ಕೂಡ. ಅಂಗಳದ ತುಂಬ ಗಂಡಸರು. ಅಂಥ ಹೊತ್ತಿನಲ್ಲಿ ಒಳಗಿನಿಂದ ಹೆಂಗಸೊಬ್ಬಳು "ಆ ಡಬ್ಬಿ ಬ್ಯಾಡ" ಎಂದು ಕೂಗಿದರೆ, ಗಂಡನ ಹೆಣದ ಮುಂದೆ ರೊಕ್ಕಕ್ಕೆ ಬಾಯಿ ಬಿಟ್ಟಳು ಎಂದಾರು ಎನ್ನಿಸಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಚಿಕ್ಕಿ, ಶಂಕರಪಾಳಿ, ಎಳ್ಳು ಎಲ್ಲ ಅಳ್ಳಿನ ಜತೆ ಓಣಿಯುದ್ದಕ್ಕೂ ಉದುರುತ್ತ ಹೋದ ಸಪ್ಪಳ ಕೇಳುತ್ತಿತ್ತು. ಅವುಗಳ ನಡುವೆ ಕೆಂಪು ಗಂಟಿನ ಪಾವಲಿಯೂ ಹೋಯಿತು.

ಮಾರನೆಯ ದಿನ ಓಣಿಯ ಹುಡುಗರು ಆರಿಸಿದ ನಾಣ್ಯ ಒಯ್ದು ಪೆಪ್ಪರಮೆಂಟ್ ಕೇಳಿದರಂತೆ. ಅಂಗಡಿಯವನು ಚಾಲ್ತಿ ಇಲ್ಲ ಎಂದು ತಿರುಗಿ ಕೊಟ್ಟನಂತೆ. ಎದುರು ಮನೆಯ ಸೊಸೆಯ ಅತ್ತೆ ಕಟ್ಟೆಯ ಮೇಲೆ ಕುಳಿತು, "ನೋಡವ್ವಾ, ಕಂಡಕ್ಟರಣ್ಣ ಹೋಗುವಾಗೂ ನಡೀಲಾರದ ಚಿಲ್ಲರನೇ ಕೊಟ್ಟು ಹೋದ" ಎಂದಳು. ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ಒಳಗೆ ನಗು ಬಂತು. ಅವರಿದ್ದರೆ ಈ ಮಾತನ್ನು ಬೀದರಿನ ತನಕ ಒಯ್ಯುತ್ತಿದ್ದರು. ಬೀದರು ನೆನಪಾದೊಡನೆ ನಗು ನಿಂತಿತು.

ಸಾಹೇಬರು ಮಾತಾಡಿಸಲು ಬಂದರು. ಪಡಸಾಲೆಯಲ್ಲಿ ಕುಳಿತರು. ಗೋಡೆಯ ಗಡಿಯಾರ ಹಿಂದೆ ಬಿದ್ದಿತ್ತು. ಎದ್ದು ನಿಂತು ಮುಳ್ಳು ಸರಿಮಾಡಿದರು. "ಏನರ ಬೇಕಾದ್ರ ಹೇಳ್ರಿ ಭಾಭಿ" ಎಂದು ಹೊರಟರು. ಪಾವಲಿಯ ಹೆಸರು ಎತ್ತಲಿಲ್ಲ. ಕೇಳಿದ್ದರೆ ಅಳುತ್ತಲಾದರೂ ಹೇಳುತ್ತಿದ್ದೆನೋ ಏನೋ. 

ಆಮೇಲೆ ನಾನು ತಲೆ ತಗ್ಗಿಸಿ ನಡೆಯುವುದನ್ನು ಜನ ದುಃಖ ಎಂದು ತಿಳಿದರು. ನಾನು ನೆಲ ನೋಡುತ್ತಿದ್ದೆ. ಗಟಾರದ ಅಂಚಿನಲ್ಲಿ ಒಮ್ಮೆ ಅವರದ್ದೊಂದು ಹತ್ತು ಪೈಸೆ ಕಂಡಿತು. ಮುಟ್ಟುವಂತಿಲ್ಲ. ದಾಟಿ ಬಂದೆ.

ಎದುರು ಮನೆಯ ಸೊಸೆಗೆ ಆಗ ದಿನ ತುಂಬಿದ್ದವು. ಮೊದಲಿನ ಕೂಸು ಅವಳಿಗೆ ದಕ್ಕಿರಲಿಲ್ಲ. ಈ ಸಲ ಹೆಣ್ಣು ಹುಟ್ಟಿತು, ನೆಟ್ಟಗೆ ಬೆಳೆಯಿತು. ಅಂಬೆಗಾಲಿಡುವ ಹೊತ್ತಿಗೆ ಓಣಿ ದಾಟಿಸಿ ನನ್ನ ತೊಡೆಗೆ ತಂದು ಹಾಕುತ್ತಿದ್ದರು. ಒಂದು ದಿನ ಕೂಸು ಬಾಯಲ್ಲಿ ಏನೋ ಚೀಪುತ್ತಿತ್ತು. ತೆಗೆದು ನೋಡಿದರೆ ಕರಿದಾರದ ತುದಿಯಲ್ಲಿ ಚಾರ್‌ಮಿನಾರ್, ಬಾಗಿಲಲ್ಲಿ ಎರಡು ಕುಡುಗೋಲು. ಜೊಲ್ಲಿನಲ್ಲಿ ಒದ್ದೆಯಾಗಿ ಮಿರಿಮಿರಿ ಮಿಂಚುತ್ತಿದ್ದವು.

"ಅದು ನಿಮ್ಮ ಮನಿದೇ ಪುಣ್ಯ ಅಕ್ಕಾ" ಎಂದಳು ಅತ್ತೆ. "ಅಣ್ಣನ ಮ್ಯಾಲ ಹಾರಿಸಿದ್ದು ನನ್ನ ಉಡಿಯಾಗೇ ಬಿತ್ತು. ಸುಸೂತ್ರ ಬಾಣಂತನ ಆದ್ರ ಕೂಸಿಗೇ ಕಟ್ತೀನಿ ಅಂತ ಅವತ್ತೇ ಅಂದ್ಕೊಂಡೆ. ಆತು. ಅಮಾಸಿಗೊಮ್ಮಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ಕಟ್ತೇವಿ, ದೃಷ್ಟಿ ತಾಗಬಾರ್ದಂತ."

ಆ ಕೂಸಿನ ಕೊರಳಿನಿಂದ ಅದನ್ನು ಹೇಗೆ ಕೇಳಲಿ? ಒಂದು ಕೂಸು ಕಳೆದುಕೊಂಡವರಿಗೆ, ಇದು ಪುಣ್ಯದ್ದಲ್ಲ, ಪರರ ಅಮಾನತ್ ಎಂದು ಹೇಗೆ ಹೇಳಲಿ? ನಾಳೆ ಕೂಸಿಗೆ ಒಂದು ಸೀನು ಬಂದರೂ ನನ್ನಿಂದ ಎಂದಾರು. ನನಗೂ ಹಾಗೇ ಅನ್ನಿಸೀತು. ಇತ್ತ ಸಾಹೇಬರು ತಮ್ಮ ತಾಯಿಯ ನಾಣ್ಯ ಗೆಳೆಯನ ಮನೆಯಲ್ಲಿ ಭದ್ರವಾಗಿದೆ ಎಂದು ತಿಳಿದಿದ್ದಾರೆ.

ಬೀದರಿನ ನೌಬಾದಕ್ಕೆ ನಿಮ್ಮ ಮನೆಗೆ ಬಂದಾಗ, ಔಷಧಿ ತರುತ್ತೇನೆ ಎಂದು ನಿಮ್ಮ ಅವ್ವನಿಗೆ ಹೇಳಿ, ಆಟೋ ಹಿಡಿದು ಒಬ್ಬಳೇ ಸಾಹೇಬರ ಅಂಗಡಿಯ ಗಲ್ಲಿಗೆ ಹೋದೆ. ನಾನು ಒಬ್ಬಳೇ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸಾಹೇಬರು ಕಣ್ಣಿನ ಗಾಜು ತೆಗೆದು ಎದ್ದು ನಿಂತರು.

"ಅದು ಜೋಡಿನೇರಿ" ಎಂದೆ. ಬೇರೆ ಯಾವ ಮಾತೂ ಮೊದಲು ಬರಲಿಲ್ಲ. "ನಿಮ್ಮದೇ ಖರೇ ಇತ್ತು. ಅವತ್ತೇ ನೋಡಿದ್ದೆ."

"ಗೊತ್ತಿತ್ತು ಭಾಭಿ." ಅವರು ಕುರ್ಚಿ ಒರೆಸಿ ಸರಿಸಿದರು. "ಅಲುಗಾಟ ಇದ್ದಿದ್ರ ನೀವು ಅವತ್ತೇ ಹೇಳ್ತಿದ್ರಿ. ಕಂಡಕ್ಟರ್ ಸಾಬ್‌ಗೂ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ತನಕ ಬಿಡ್ಲಾಕ ಬಂದವ್ರು, ನಮ್ಮ ಜಡ್ಜ್ ನನಗ ಅಂಜ್ಯಾಳ ನೋಡ್ರಿ ಅಂತ ಅಂದು ನಕ್ಕಿದ್ರು."

ನಾನು ಯಾರಿಗೆ ನೋವಾಗಬಾರದೆಂದು ಬಾಯಿ ಕಟ್ಟಿಕೊಂಡಿದ್ದೆನೋ ಅವರು ನಗುತ್ತಲೇ ಇದ್ದರು. ನಾನು ಹೇಳುತ್ತೇನೆಂದು ಇಬ್ಬರೂ ಕಾಯುತ್ತಿದ್ದರು, ಅಷ್ಟೇ. ಆಗ ನನಗೆ ಅಳು ಬಂತು. ಅಳುತ್ತಲೇ ಉಳಿದದ್ದನ್ನು ಹೇಳಿದೆ: ಡಬ್ಬಿ, ಅಂಗಳದ ಮಾತು, ಕೂಸು, ಕರಿದಾರ.

ಅವರ ಮುಖ ಸಣ್ಣದಾಯಿತು. ಪರವಾಗಿಲ್ಲ ಎನ್ನಲಿಲ್ಲ. ಗೋಡೆಯ ಗಡಿಯಾರಗಳೆಲ್ಲ ಒಂದೊಂದು ವೇಳೆ ತೋರಿಸುತ್ತ ಟಿಕಟಿಕ ಎನ್ನುತ್ತಿದ್ದವು. "ಅಮ್ಮೀಜಾನ್‌ದು ಅದು" ಎಂದರು, ನನಗಲ್ಲ, ಮೇಜಿಗೆ ಹೇಳುವ ಹಾಗೆ. ಆಮೇಲೆ ಕೇಳಿದರು: "ಕೊಂಡಿ ಎಲ್ಲಿ ಬೆಸದಾರ?"

"ಮ್ಯಾಲ, ಮಿನಾರದ ತುದಿಗೆ. ಬಾಗಿಲಿಗೆ ತಾಗಿಲ್ಲರಿ."

"ಅಕ್ಷರ?"

"ಎರಡೂ ಅವ. ಆದ್ರ ಅಮಾಸಿಗೊಮ್ಮಿ ಹುಣಸಿಹಣ್ಣು, ಬೂದಿ ಹಾಕಿ ತಿಕ್ತಾರ."

ಅವರು ಕಣ್ಣು ಮುಚ್ಚಿಕೊಂಡರು. ನೋವಾದದ್ದು ಆಗಲೇ ಎಂದು ಕಾಣಿಸಿತು. "ಬೂದಿ ಹಾಕಿ ತಿಕ್ಕಿದ್ರ ಹತ್ತು ವರ್ಷದಾಗ ಐನ್ ಇರೂದಿಲ್ಲ ಭಾಭಿ. ಕೂಸಿನ ಕೊರಳಿಂದ ತಗೀರಿ ಅಂತ ನಾ ಹ್ಯಾಂಗ ಹೇಳ್ಲಿ? ನನ್ನ ಬಾಯಿಲಿಂದ ಅದು ಬರೂದಿಲ್ಲ. ತಿಕ್ಕಬ್ಯಾಡ್ರಿ ಅಂತ ಹೇಳ್ರಿ. ಅದೊಂದು ಹೇಳ್ರಿ, ಸಾಕು."

ಅದೊಂದು ಮಾತನ್ನೂ ನಾನು ನೆಟ್ಟಗೆ ಹೇಳಲಿಲ್ಲ. ಹುಣಸೆಹಣ್ಣಿನಿಂದ ಕೂಸಿನ ಮೈಗೆ ಕಡಿತ ಬರುತ್ತದೆ ಎಂದೆ. "ತೊಳೀಲಿಲ್ಲಂದ್ರ ದೃಷ್ಟಿ ಹ್ಯಾಂಗ ಹೋಗ್ತದ ಕಾಕು?" ಎಂದು ಸೊಸೆ ಕೇಳಿದಳು. ಸತ್ತ ಮನೆಯವರು ಹಾರಿಸಿದ ರೊಕ್ಕ ಮುಟ್ಟಬಾರದು ಎಂಬುದು ನನಗೆ ನೆನಪಿತ್ತು. ಆದರೂ ಕೈ ಚಾಚಿದೆ. "ನನಗ ಕೊಡು, ನಾ ತೊಳದು ಕೊಡ್ತೇನಿ. ಅವರ ಮ್ಯಾಲಿಂದ ಬಿದ್ದದ್ದು, ನನ್ನ ಕೈಲೇ ತೊಳದ್ರ ಛಲೋ" ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, "ಮುತ್ತೈದಿಯಾಗಿ ಹಿರಿಮನುಷ್ಯಾಳಾದಾಕಿ, ಆಕಿಗೇನು ದೋಷ, ಕೊಡು" ಎಂದಳು. ನಾನೀಗ ಮುತ್ತೈದೆಯಲ್ಲ ಎಂಬುದು ಆಕೆಗೆ ಆಮೇಲೆ ಹೊಳೆದು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನಕ್ಕೆ. ಆಗ ಆಕೆಯೂ ನಕ್ಕಳು.

ಅಂದಿನಿಂದ ಪ್ರತಿ ಅಮಾವಾಸ್ಯೆ ಸಾಹೇಬರ ಅಮಾನತ್ ನನ್ನ ಅಂಗೈಗೆ ಬರುತ್ತದೆ. ತಿಕ್ಕುವುದಿಲ್ಲ, ಅದ್ದಿ ಒತ್ತುತ್ತೇನೆ. ಬಾಗಿಲೊಳಗೆ ಎರಡೂ ಕುಡುಗೋಲು ಇವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ನನಗೆ ಓದಲು ಬರುವ ಉರ್ದು ಅದೊಂದೇ ಅಕ್ಷರ. ನೋಡಿ, ತಿರುಗಿ ಅವರ ಕೈಗೇ ಕೊಟ್ಟುಬಿಡುತ್ತೇನೆ. ಒಡೆಯನಿಗೆ ಕೊಡಬೇಕಾದದ್ದನ್ನು ಅಮಾವಾಸ್ಯೆಗೊಮ್ಮೆ ಮತ್ತೆ ಬೇರೆಯವರಿಗೆ ಕೊಡುತ್ತೇನೆ. ನೌಬಾದಕ್ಕೆ ಬಂದಾಗ ಆ ಗಲ್ಲಿಗೆ ಹೋಗಿ, "ಎರಡೂ ಅವರಿ" ಎಂದಷ್ಟೇ ಹೇಳಿ ಬರುತ್ತೇನೆ. ಅವರು ತಲೆ ಆಡಿಸುತ್ತಾರೆ. ಚಹಾ ತರಿಸುತ್ತಾರೆ. ಕುಡಿದು ಏಳುತ್ತೇನೆ.

ಆ ಹುಡುಗಿ ಸಾಲಿಗೆ ಹೋಗುವಷ್ಟು ದೊಡ್ಡವಳಾದರೆ ಕೊರಳ ದಾರ ತಾನೇ ತೆಗೆದಿಡುತ್ತಾಳೆ, ಈಗಿನ ಮಕ್ಕಳು ಯಾರು ಕಟ್ಟಿಕೊಳ್ಳುತ್ತಾರೆ. ಅಂದು ನಾನು ಇದ್ದರೆ ಬಾಯಿ ಬಿಟ್ಟು ಕೇಳಬೇಕೆಂದಿದ್ದೇನೆ. ಕೇಳುತ್ತೇನೆಂದು ನಿಮಗೆ ಮಾತು ಕೊಡಲಾರೆ, ನನ್ನ ನಾಳೆ ಎಂಥದ್ದೆಂದು ನಿಮಗೆ ಈಗ ತಿಳಿಯಿತು. ನಾನು ಇಲ್ಲದಿದ್ದರೆ ನೀವು ಆ ಮನೆಗೆ ಹೋಗಿ, ಅದು ಯಾರದೆಂದು ಆ ಹುಡುಗಿಗೆ ಹೇಳಿ. ನಂಬದಿದ್ದರೆ ಬಾಗಿಲಲ್ಲಿ ಎರಡು ಕುಡುಗೋಲು ತೋರಿಸಿ, ತುದಿಯ ಸಂದು ತೋರಿಸಿ. ಅಂಥ ಪಾವಲಿ ನಾನು ಇನ್ನೊಂದು ಕಂಡಿಲ್ಲ. ಅದು ಸಾಹೇಬರದೆಂದು ಹೇಳಲು ಈ ಹಾಳೆಗಳ ಹೊರತು ಬೇರೆ ಏನೂ ಇಲ್ಲ. ಅದಕ್ಕೆ ಇವನ್ನು ಪುಸ್ತಕದ ನಡುವೆ ಎಲ್ಲೋ ಮರೆಯಬೇಡಿ, ಮಕ್ಕಳಾ. ಮಳೆಹನಿ ತಾಗದ ಕಡೆ ಇಡಿ. ಬಿಸ್ಕೀಟ್ ಡಬ್ಬಿಯಲ್ಲಿ ಮಾತ್ರ ಬೇಡ.